ನನ್ನ ಮಂಡಿಯೂ ಎರಡು ಕಂಬದ ದೋಣಿಯೂ

ನಾವು ಸೋತೆವು. ಐದು ದೋಣಿಗಳಲ್ಲಿ ಐದನೆಯವರಾಗಿ ಬಂದೆವು, ಅದಕ್ಕೆ ಕಾರಣ ನನ್ನ ಮಂಡಿ. ನಮ್ಮ ಮನೆಯಲ್ಲಿ ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗಾಳಿ ಬಿದ್ದುಹೋಯಿತು ಅನ್ನುತ್ತಾಳೆ ಮೊಮ್ಮಗಳು. ಹಾಯಿಬಟ್ಟೆ ಹಳೆಯದಂತೆ ಅನ್ನುತ್ತಾನೆ ಮಗ; ಅವನು ಆ ದೋಣಿಯನ್ನು ನೋಡಿರುವುದು ಮೊಬೈಲಿನಲ್ಲಿ. ಅಮಾವಾಸ್ಯೆ ಎದುರಿಗಿಟ್ಟುಕೊಂಡು ಹೋದರೆ ಇನ್ನೇನಾಗುತ್ತೆ ಅನ್ನುತ್ತಾಳೆ ಸೊಸೆ. ಗಾಳಿ ಚೆನ್ನಾಗಿಯೇ ಇತ್ತು. ಉಳಿದ ನಾಲ್ಕು ದೋಣಿಗಳೂ ಅದೇ ಗಾಳಿಯಲ್ಲಿ ತಾನೆ ಹೋದದ್ದು? ಅಮಾವಾಸ್ಯೆ ಅವರಿಗೂ ಇತ್ತಲ್ಲವೆ? ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ, ಅದಕ್ಕೆ ನಡೆದದ್ದನ್ನು ನಾನೇ ಹೇಳಿಬಿಡುತ್ತೇನೆ.

ಯಲಹಂಕದ ಮಗ್ಗುಲಿನ ಕೋಗಿಲಿನಲ್ಲಿ ಹುಟ್ಟಿ, ಕೋಗಿಲಿಗೇ ಸೊಸೆಯಾಗಿ ಬಂದು, ಕೋಗಿಲಿನಲ್ಲೇ ಹಲ್ಲು ಉದುರಿಸಿಕೊಂಡ ಮುದುಕಿ ಸಮುದ್ರದ ಮೇಲೆ ಏನು ಮಾಡುತ್ತಿದ್ದಳು ಅಂತ ನೀವು ಕೇಳಬಹುದು. ಭಾರಕ್ಕೆ ಕೂತಿದ್ದೆ. ತಮಾಷೆಯಲ್ಲ, ನನಗೆ ಕೊಟ್ಟ ಕೆಲಸವೇ ಅದು.

ನನ್ನ ಮೊಮ್ಮಗಳು ಹರ್ಷಿತಾ. ಅವಳ ತಾತ, ಎಂದರೆ ನಮ್ಮ ಯಜಮಾನರು, ಇರುವ ತನಕ 'ಅರ್ಸಿತಾ' ಅಂತಲೇ ಕರೆದರು. ಇವಳು ಕಾಲೇಜಿನಲ್ಲಿದ್ದಾಗ ಪರೇಡು ಮಾಡಿಸುವವರ ಜೊತೆ ಸೇರಿಕೊಂಡು ಊರೊಳಗಿನ ಒಂದು ಕೆರೆಯಲ್ಲಿ ಸಣ್ಣ ಹಾಯಿದೋಣಿ ಕಲಿತಳು. ಆಮೇಲೆ ಆ ಹುಚ್ಚು ಬಿಡಲಿಲ್ಲ. ರಜೆ ಬಂದರೆ ಕಾರವಾರಕ್ಕೆ ಓಡುತ್ತಿದ್ದಳು. ಅಲ್ಲಿ ಹಡಗಿನ ನೌಕರಿಯಿಂದ ನಿವೃತ್ತಿಯಾದ ಒಬ್ಬ ಕ್ಯಾಪ್ಟನ್ ಒಂದು ದೊಡ್ಡ ದೋಣಿ ಇಟ್ಟಿದ್ದಾನೆ. ದೋಣಿ ಅನ್ನಬೇಡ ಅಜ್ಜಿ, ಯಾಟ್ ಅನ್ನು ಅಂತ ಇವಳು ತಿದ್ದುತ್ತಾಳೆ. ನೀರಿನ ಮೇಲೆ ತೇಲುವುದೆಲ್ಲ ನನಗೆ ದೋಣಿಯೇ. ಆದರೆ ದೊಡ್ಡದು ಅನ್ನುವುದನ್ನು ಒಪ್ಪುತ್ತೇನೆ. ನಮ್ಮ ಹಳೆ ಮನೆಯ ಪಡಸಾಲೆ, ಕೊಟ್ಟಿಗೆ, ಹಿತ್ತಲು ಸೇರಿಸಿ ಅಳೆದರೂ ಅದರ ಉದ್ದಕ್ಕೆ ಬರುವುದಿಲ್ಲ. ಅದರ ಮೇಲೆ ಎರಡು ಕಂಬ. ಮುಂದಿನದು ಎತ್ತರ, ಹಿಂದಿನದು ಗಿಡ್ಡ, ಹಳೆಯ ಕಾಲದ ಗಂಡ ಹೆಂಡತಿ ರಸ್ತೆಯಲ್ಲಿ ನಡೆದುಹೋದ ಹಾಗೆ. ಎರಡಕ್ಕೂ ಹಾಯಿ. ಹಿಂಭಾಗದಲ್ಲಿ ತಿರುಗಿಸುವುದಕ್ಕೆ ಒಂದು ಚಕ್ರ, ನಮ್ಮ ಎತ್ತಿನಗಾಡಿಯ ಗಾಲಿಗಿಂತ ಸ್ವಲ್ಪ ಸಣ್ಣದು.

ಆ ಚಕ್ರದ ಮೇಲೆ ಇವಳ ಕಣ್ಣು. ಎಷ್ಟೋ ಕಾಲ ಹಗ್ಗ ಎಳೆಯುವ ಕೆಲಸವನ್ನೇ ಮಾಡಿ ಅಂಗೈ ದಪ್ಪ ಮಾಡಿಕೊಂಡಿದ್ದಳು. ಸೊಸೆ ಆ ಕೈ ನೋಡಿ, "ನಾಳೆ ಗಂಡಿನ ಕಡೆಯವರು ಕೈ ನೋಡಿದ್ರೆ ಏನಂತಾರೆ?" ಅಂದಾಗ ನಾನು, "ಕಳೆ ಕೀಳೋಕ್ ಬರುತ್ತೆ ಅಂತಾರೆ, ಬಿಡು," ಅಂದಿದ್ದೆ. ಮಳೆಗಾಲ ಕಳೆದ ಮೇಲೆ ಕೊಚ್ಚಿಯ ತನಕ ಒಂದು ಉದ್ದನೆಯ ರೇಸಂತೆ. ಅದರಲ್ಲಿ ಚಕ್ರ ಯಾರ ಕೈಗೆ ಅನ್ನುವುದನ್ನು ಕ್ಯಾಪ್ಟನ್ ಇನ್ನೂ ಹೇಳಿರಲಿಲ್ಲ. ಅದಕ್ಕೆ ಮೊದಲು ಒಂದು ಸಣ್ಣ ರೇಸಿಗೆ ಚಕ್ರವನ್ನು ಇವಳ ಕೈಗೆ ಕೊಟ್ಟು ನೋಡುತ್ತೇನೆ ಅಂದಿದ್ದ. ಅಂಥ ಸಣ್ಣ ರೇಸಿಗೆ ಚಕ್ರ ಹಿಡಿಯುವವರು ಮನೆಯವರೊಬ್ಬರನ್ನು ಜೊತೆಗೆ ಕೂರಿಸಿಕೊಂಡು ಹೋಗುವುದು ಅಲ್ಲಿನ ಪದ್ಧತಿ. ನನ್ನ ಮಗನಿಗೆ ಹೆಬ್ಬಾಳದ ಫ್ಲೈಓವರ್ ಹತ್ತಿ ಇಳಿದರೇ ಹೊಟ್ಟೆ ತೊಳಸುತ್ತದೆ. ಸೊಸೆ ಕಣ್ಣಿಂದ ನೋಡಲಾರೆ ಅಂದಳು. ಯಾರೂ ಸಿಗದೆ ನನ್ನನ್ನು ಕರೆದಳು ಅಂದುಕೊಂಡೇ ನಾನು ಹೊರಟದ್ದು. ಅವಳು ಅವರಿಬ್ಬರನ್ನು ಕೇಳಿಯೇ ಇರಲಿಲ್ಲ, ಅವರೇ ತಾವಾಗಿ ಹೇಳಿದ್ದು ಅಂತ ಆಮೇಲೆ ಗೊತ್ತಾಯಿತು.

ಭಾರಕ್ಕೆ ಕೂರುವುದು ನನಗೆ ಹೊಸದಲ್ಲ. ಅಲ್ಲಾಳಸಂದ್ರದ ಕೆರೆಯ ಕೆಳಗೆ ನಮ್ಮ ತಂದೆಗೆ ಒಂದಿಷ್ಟು ಗದ್ದೆ ಇತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟು ಇದೆ, ಅದರ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುತ್ತಾರೆ, ಮಳೆ ಬಂದರೆ ಈಗಲೂ ಅಲ್ಲಿ ಗದ್ದೆಯೇ. ನಾಟಿಗೆ ಮುಂಚೆ ಕೆಸರನ್ನು ಸಮ ಮಾಡುವುದಕ್ಕೆ ಎತ್ತಿನ ಹಿಂದೆ ಉದ್ದನೆಯ ಹಲಗೆ ಕಟ್ಟುತ್ತಾರಲ್ಲ, ಆ ಹಲಗೆ ಮೇಲೆ ಭಾರ ಬೇಕು. ದೊಡ್ಡವರು ಕೂತರೆ ಹೂತುಕೊಳ್ಳುತ್ತದೆ, ಯಾರೂ ಕೂರದಿದ್ದರೆ ಎಗರುತ್ತದೆ. ಹದವಾದ ಭಾರ ಎಂದರೆ ನಾನು. ನಮ್ಮಪ್ಪ ನನ್ನನ್ನು ಎತ್ತಿ ಹಲಗೆಯ ನಡುವೆ ಇಟ್ಟು ಎತ್ತಿನ ಬಾಲ ಮುಟ್ಟಿದರೆ, ಕೆಸರು ನೀರು ಎರಡೂ ಕಡೆ ಸೀಳಿಕೊಂಡು ಹೋಗುತ್ತಿತ್ತು. ಬಿಳಿ ಕೊಕ್ಕರೆಗಳು ಹಿಂದೆ ಹಿಂದೆ ಬರುತ್ತಿದ್ದವು. ಮೂಗು, ಬಾಯಿ, ತಲೆಗೂದಲು ಎಲ್ಲ ಕೆಸರು. ಸ್ಕೂಲಿಗೆ ಹೋಗದೆ ಇದ್ದದ್ದಕ್ಕೆ ನನ್ನ ಹತ್ತಿರ ಇರುವ ಒಳ್ಳೆಯ ಕಾರಣ ಅದೊಂದೇ, ಅದಕ್ಕೆ ನಾನು ಯಾರನ್ನೂ ದೂರಿಲ್ಲ.

ಇನ್ನು ನಮ್ಮ ಯಜಮಾನರ ಮೊಪೆಡ್ಡಿನ ವಿಚಾರ ಹೇಳಬೇಕು. ಅದನ್ನು ಹೇಳದೆ ದೋಣಿ ಮುಂದಕ್ಕೆ ಹೋಗುವುದಿಲ್ಲ.

ಅವರು ಮೊಪೆಡ್ ಕೊಂಡ ಹೊಸದು. ಹೆಸರಘಟ್ಟದಲ್ಲಿ ಒಂದು ಹಸು ಮಾರಾಟಕ್ಕಿದೆ ಅಂತ ನೋಡುವುದಕ್ಕೆ ಇಬ್ಬರೂ ಹೊರಟೆವು. ಹಸುವಿನ ಕೆಚ್ಚಲು ನೋಡಿ ಹೇಳುವುದಕ್ಕೆ ನಾನು ಬೇಕಿತ್ತು. ಯಲಹಂಕದ ಹಳೇ ಪೇಟೆಯಲ್ಲಿ ಬೀಡಿಗೆ ಅಂತ ನಿಲ್ಲಿಸಿದರು. ನಾನೂ ಇಳಿದೆ. ಬೀಡಿ ಕೊಂಡು ಬಂದು ಗಾಡಿ ಎಬ್ಬಿಸಿದರು. ನಾನು ಒಂದು ಕಾಲು ಇಟ್ಟಿದ್ದೆ, ಇನ್ನೊಂದು ನೆಲದ ಮೇಲಿತ್ತು. ಹೋಗಿಯೇಬಿಟ್ಟರು. ನಾನು ರಸ್ತೆಯಲ್ಲಿ. ಮೊಣಕೈ ತರಚಿ, ಬಳೆ ಒಡೆದು, ಮದುವೆಮನೆಗಳಿಗೆ ಅಂತ ಇಟ್ಟುಕೊಂಡಿದ್ದ ಸೀರೆಗೆ ಎಣ್ಣೆ ಮೆತ್ತಿಕೊಂಡಿತು.

ಅಲ್ಲಿ ಹೂವು ಮಾರುತ್ತಿದ್ದ ಹೆಂಗಸು ತನ್ನ ಗೋಣಿತಾಟು ಸರಿಸಿ ಕೂರಿಸಿಕೊಂಡಳು. "ಯಾಕಮ್ಮ, ಗಂಡ ಬುಟ್ಟೋದ್ನಾ?" ಅಂದಳು.

"ಬುಟ್ಟೋಗಿಲ್ಲ, ಮರ್ತೋಗವ್ರೆ," ಅಂದೆ.

ಅವರು ರೈಲ್ವೆ ಗೇಟಿನ ತನಕ ಹಸುವಿನ ವಿಚಾರ ಮಾತಾಡಿಕೊಂಡೇ ಹೋದರಂತೆ. ಗೇಟು ಹಾಕಿತ್ತು. ನಿಲ್ಲಿಸಿ, "ನಿಮ್ಮಪ್ಪ ಕೊಟ್ಟ ಅಸೂಗಿಂತ ಇದೇ ವಾಸಿ ಇರ್ಬೌದು ಕಣೇ," ಅಂದರಂತೆ. ಹಿಂದಿನಿಂದ ಬೈಗುಳ ಬರಲಿಲ್ಲ. ನಾನು ಬೈಯದೆ ಇದ್ದದ್ದು ನೋಡಿ ಅನುಮಾನ ಬಂದು ತಿರುಗಿದರೆ, ಸೀಟು ಖಾಲಿ.

ಬೆವರು ಸುರಿಸಿಕೊಂಡು ವಾಪಸು ಬಂದರು. ನನ್ನ ಮೊಣಕೈ ನೋಡಿದರು. ಪೇಟೆಯ ಜನರೆಲ್ಲ ನಗುತ್ತಿದ್ದರು, ಹೂವಿನವಳಂತೂ ಮಾಲೆ ಕಟ್ಟುವುದನ್ನೇ ಬಿಟ್ಟಿದ್ದಳು. ನಾನು ಗಾಡಿ ಹತ್ತಲಿಲ್ಲ. ಕೋಗಿಲಿಗೆ ನಡೆದುಕೊಂಡು ಹೊರಟೆ. ಅವರು ಪಕ್ಕದಲ್ಲಿ ಕಾಲು ಎಳೆದುಕೊಂಡು, ಗಾಡಿ ಗುರುಗುಟ್ಟಿಸಿಕೊಂಡು, "ಗಾಡಿ ಅತ್ಕೊಳ್ಳೇ, ಅತ್ಕೊಳ್ಳೇ, ಇನ್ಮೇಲೆ ಕೇಳ್ದೆ ಬುಡಲ್ಲ," ಅಂತ ದಾರಿಯುದ್ದಕ್ಕೂ ಬಂದರು. ಹಸು ಬೇರೆಯವರ ಪಾಲಾಯಿತು.

ಅವತ್ತಿನಿಂದ ಶುರುವಾಯಿತು: "ಕುಂತ್ಯಾ? ಓಗಾನಾ?" ನಾನು "ಕುಂತೆ" ಅನ್ನುವ ತನಕ ಗಾಡಿ ಕದಲುತ್ತಿರಲಿಲ್ಲ. ಕೇಳಿದ ಕೂಡಲೆ ನಾನು ಸೆರಗಿನ ತುದಿ ಚಕ್ರಕ್ಕೆ ಸಿಕ್ಕದ ಹಾಗೆ ಸೊಂಟಕ್ಕೆ ಸುತ್ತಿ ಸಿಗಿಸಿಕೊಳ್ಳುತ್ತಿದ್ದೆ, ಆಮೇಲೆ ಉತ್ತರ. ಮೊಪೆಡ್ಡಿಗೆ ಮಾತ್ರವಾಗಿದ್ದರೆ ಸರಿ. ಬಸ್ಸಿನಲ್ಲಿ ಗಂಡಸರ ಕಡೆಯಿಂದ ಕೂಗಿ ಕೇಳುತ್ತಿದ್ದರು, ಕಂಡಕ್ಟರ್ ಸೀಟಿ ಹೊಡೆಯದೆ ನನ್ನ ಮುಖ ನೋಡುತ್ತಿದ್ದ. ಮಗನ ಧಾರೆ ಎರೆಯುವಾಗ ಮಣೆಯ ಮೇಲೆ ಕೂತಿದ್ದೇನೆ, ಪಕ್ಕದಲ್ಲೇ ಇದ್ದಾರೆ, "ಕುಂತ್ಯಾ?" ಅಂತಾರೆ! ಪುರೋಹಿತರು ಮಂತ್ರ ಅರ್ಧಕ್ಕೆ ನಿಲ್ಲಿಸಿ, "ಕೂತಿದ್ದಾರೆ ಗೌಡ್ರೇ, ಮುಂದುವರಿಸ್ಲಾ?" ಅಂದರು. ಕೊನೆಗೆ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನಾನು ಸ್ಟೂಲು ಎಳೆದುಕೊಂಡು ಕೂರುವ ತನಕ ಏನು ಹೇಳಬೇಕೆಂದಿದ್ದರೂ ಹೇಳುತ್ತಿರಲಿಲ್ಲ. ಅವರ ಕೊನೆಯ ಮಾತೂ ಅದೇ ಅಂತ ನಮ್ಮ ನೆಂಟರು ಹೇಳಿಕೊಂಡು ತಿರುಗುತ್ತಾರೆ. ಸುಳ್ಳು. ಕೊನೆಗೆ ಅವರು ಕೇಳಿದ್ದು ನೀರು.

ಹರ್ಷಿತಾ ಆ ಮೊಪೆಡ್ಡಿನ ಮುಂಭಾಗದಲ್ಲಿ ನಿಂತು ಬೆಳೆದವಳು. ತಾತನ ಎರಡು ಕೈಗಳ ನಡುವೆ ನಿಂತುಕೊಂಡು, ಹಿಂದೆ ತಿರುಗಿ ನನ್ನನ್ನು ಪರೀಕ್ಷೆ ಮಾಡಿ, ತನ್ನ ತೊದಲು ನಾಲಿಗೆಯಲ್ಲಿ, "ಅಜ್ಜಿ, ಕುಂತ್ಯಾ?" ಅಂತ ಅವಳೇ ಕೇಳುತ್ತಿದ್ದಳು. ಆಮೇಲೆ ತಾತನ ಕೈಗೆ ತಟ್ಟುತ್ತಿದ್ದಳು, ಹೋಗು ಅಂತ. ಸ್ಕೂಲು ಕಾಲೇಜು ಅಂತ ಆದ ಮೇಲೆ ಅವಳ ಮಾತು ಬದಲಾಯಿತು. ಈಗ 'ಕೂತ್ಕೋ', 'ಕೂತ್ಕೊಂಡ್ಯಾ' ಅನ್ನುತ್ತಾಳೆ. ಅದರಲ್ಲಿ ತಪ್ಪೇನಿಲ್ಲ.

ದೋಣಿಗೆ ಬರೋಣ. ನನಗೆ ಕಿತ್ತಳೆ ಬಣ್ಣದ ತೇಲುವ ಅಂಗಿ ತೊಡಿಸಿದರು, ಸೀರೆಯ ಮೇಲೆ. ದಿನ ತುಂಬಿದ ಬಸುರಿಯ ಹಾಗೆ ಕಾಣುತ್ತಿದ್ದೆ. ಕಾಲಿಗೆ ರಬ್ಬರಿನ ಬೂಟು. ಸೊಂಟಕ್ಕೆ ಒಂದು ಪಟ್ಟಿ ಬಿಗಿದು ದೋಣಿಗೆ ಕೊಂಡಿ ಹಾಕಿದರು. "ಇದೇನಪ್ಪ, ಓಡೋಗ್ತೀನಾ ನಾನು?" ಅಂದೆ. ಕ್ಯಾಪ್ಟನ್ ನಕ್ಕ. ಒಳ್ಳೆಯ ಮನುಷ್ಯ, ಬಿಳಿ ಗಡ್ಡ, ಕರಾವಳಿಯ ಮೆದು ಮಾತು.

"ಅಮ್ಮಾ, ನಿಮ್ಮದು ಒಂದೇ ಕೆಲಸ. ದೋಣಿ ಒಂದು ಮಗ್ಗುಲಿಗೆ ವಾಲ್ತದೆ. ಎತ್ತರ ಆಗುವ ಕಡೆ ಬೆಂಚಿನ ಮೇಲೆ ನೀವು ಕೂತುಕೊಳ್ಳಬೇಕು. ನಾವೆಲ್ಲ ಭಾರಕ್ಕೆ ಅಲ್ಲೇ ಕೂರೋದು. ದೋಣಿ ತಿರುಗಿದ ಕೂಡಲೆ ಆಚೆ ಕಡೆ ಎತ್ತರ ಆಗ್ತದೆ. ಆವಾಗ ಆಚೆ ಬೆಂಚಿಗೆ ಬಂದುಬಿಡಿ."

"ಎಷ್ಟ್ ಸಲ ತಿರುಗುತ್ತೆ?"

"ಗಾಳಿ ಎದುರಿಗಿದೆಯಲ್ಲ. ತುಂಬಾ ಸಲ."

ಗಾಳಿ ಎದುರಿಗಿದ್ದರೆ ಹಾಯಿದೋಣಿ ನೇರವಾಗಿ ಹೋಗಲಾರದು. ಎಡಕ್ಕೆ ಓರೆಯಾಗಿ ಅಷ್ಟು ದೂರ, ಬಲಕ್ಕೆ ಓರೆಯಾಗಿ ಅಷ್ಟು ದೂರ, ಸೊಟ್ಟಸೊಟ್ಟ ಹೋಗಬೇಕು, ಸಂಜೆ ಹೊತ್ತು ಯಶವಂತಪುರದ ಮಾರ್ಕೆಟ್ಟಿನೊಳಗೆ ನುಗ್ಗಿದ ಹಾಗೆ. ಪ್ರತಿ ಸಲ ತಿರುಗುವಾಗಲೂ ಹಾಯಿ ಈಚೆಯಿಂದ ಆಚೆಗೆ ಬೀಳುತ್ತದೆ, ಹಗ್ಗದವರು ಹಗ್ಗ ಎಳೆಯುತ್ತಾರೆ, ಉಳಿದವರು ಆಚೆ ಬೆಂಚಿಗೆ ಓಡುತ್ತಾರೆ. ಬೇಗ ತಿರುಗಿದವರು ಮುಂದೆ, ತಡ ಮಾಡಿದವರು ಹಿಂದೆ. ದೂರದಲ್ಲಿ ಒಂದು ಕೆಂಪು ಡ್ರಮ್ಮು ತೇಲುತ್ತಿತ್ತು. ಅದನ್ನು ಸುತ್ತಿಕೊಂಡು ವಾಪಸು ಬರಬೇಕು. ರೇಸು ಅಂದರೆ ಇಷ್ಟೇ.

ಮೊದಲ ತಿರುವಿನ ತನಕ ಚೆನ್ನಾಗಿತ್ತು. ನಾವು ಎರಡನೆಯವರಾಗಿದ್ದೆವು. ದೋಣಿ ವಾಲಿಕೊಂಡು ನೀರು ಸೀಳಿಕೊಂಡು ಹೋಗುತ್ತಿದ್ದರೆ, ನಾನು ಎತ್ತರದ ಬೆಂಚಿನಲ್ಲಿ ಬಾಯಿಗೆ ಉಪ್ಪು ನೀರು ಎರಚಿಸಿಕೊಂಡು ಕೂತಿದ್ದೆ. ಚಕ್ರ ಹಿಡಿದಿದ್ದ ಹುಡುಗಿಯನ್ನು ನೋಡಿದೆ. ಕೆಳದುಟಿ ಕಚ್ಚಿಕೊಂಡಿದ್ದಳು. ಕೈ ಸಣ್ಣಗೆ ನಡುಗುತ್ತಿತ್ತು. ಬೇರೆ ಯಾರಿಗೂ ಕಂಡಿರಲಾರದು, ಎತ್ತಿ ಆಡಿಸಿದ ಮಗು, ನನಗೆ ಕಂಡಿತು.

ತಿರುಗಿಸುವ ಹೊತ್ತು ಬಂತು. ಹಗ್ಗದವರು ಹಗ್ಗ ಹಿಡಿದು ಸಿದ್ಧವಾದರು. ಅವಳು ನನ್ನ ಕಡೆ ತಿರುಗಿದಳು.

"ಅಜ್ಜಿ, ಕುಂತ್ಯಾ?"

ಕೂತೇ ಇದ್ದೆ, ಆದರೆ ಕೂತಿದ್ದು ತಿರುಗುವುದಕ್ಕೆ ಮುಂಚಿನ ಬೆಂಚಿನಲ್ಲಿ. ಆಚೆಯದಕ್ಕೆ ಹೋಗಬೇಕು. ಅವಳ ಬಾಯಲ್ಲಿ ಆ ಮಾತು ಕೇಳಿ ನನ್ನ ಕೈ ತಾನಾಗಿಯೇ ಸೆರಗಿನ ತುದಿ ಹುಡುಕಿತು. ತೇಲುವ ಅಂಗಿಯ ಕೆಳಗೆ ಕೈ ಹಾಕಿ ಸೆರಗು ಎಳೆದು ಸೊಂಟಕ್ಕೆ ಸಿಗಿಸಿಕೊಂಡೆ. ಆಮೇಲೆ ಎದ್ದೆ. ಎದ್ದೆ ಅನ್ನುವುದು ದೊಡ್ಡ ಮಾತು. ನನ್ನ ಮಂಡಿ ಮಡಿಸಿದರೆ ಬಿಡಿಸುವುದಿಲ್ಲ, ಬಿಡಿಸಿದರೆ ಮಡಿಸುವುದಿಲ್ಲ. ಒಬ್ಬ ಎತ್ತರದ ಪಂಜಾಬಿ ಗಂಡಸು, "ದಾದೀ, ದಾದೀ," ಅನ್ನುತ್ತಾ ತೋಳು ಹಿಡಿದ. ಕೊಂಡಿ ಬಿಚ್ಚಬೇಕು, ಆಚೆ ಹಾಕಬೇಕು. ಕಾಲೆಳೆದುಕೊಂಡು ಹೋಗಿ ಕೂತು, "ಕುಂತೆ, ನಡಿಯೇ," ಅಂದೆ. ಆಗ ತಿರುಗಿಸಿದಳು. ಅಷ್ಟರಲ್ಲಿ ಪಕ್ಕದ ದೋಣಿ ನಮ್ಮ ಮುಂದೆ ಹೋಗಿತ್ತು.

ಪ್ರತಿ ತಿರುವಿಗೂ ಇದೇ. "ಅಜ್ಜಿ, ಕುಂತ್ಯಾ?" ಹಗ್ಗ ಎಳೆಯುವವರಲ್ಲಿ ಯಾರಿಗೂ ಕನ್ನಡ ಬಾರದು. ಎರಡು ಮೂರು ಸಲ ಕೇಳಿದ ಮೇಲೆ ಅದು ದೋಣಿಯ ಆರ್ಡರು ಅಂದುಕೊಂಡರು. ಅವಳು ಕೇಳಿದರೆ ಹಗ್ಗ ಕೈಗೆ ತೆಗೆದುಕೊಳ್ಳುವುದು, ನಾನು "ಕುಂತೆ" ಅಂದರೆ ಎಳೆಯುವುದು. ಪಂಜಾಬಿಯಂತೂ ನನ್ನ ಜೊತೆ ಸೇರಿಕೊಂಡು, "ಕುಂಥೇ!" ಅಂತ ಕೂಗತೊಡಗಿದ. ಅಷ್ಟು ದೊಡ್ಡ ದೋಣಿ, ಎರಡು ಕಂಬ, ಅಷ್ಟು ಹಾಯಿ, ಸಮುದ್ರದ ಗಾಳಿ, ಎಲ್ಲವೂ ನನ್ನ ಕುಂಡಿ ಬೆಂಚಿಗೆ ಮುಟ್ಟುವುದನ್ನು ಕಾಯುತ್ತಿದ್ದವು.

ಕ್ಯಾಪ್ಟನ್ ಮುಂದಿನ ಕಂಬದ ಹತ್ತಿರದಿಂದ ಬಂದು, "ಅಮ್ಮಾ, ನೀವು ನಡುವೆ ನೆಲದ ಮೇಲೆ ಕೂತುಬಿಡಿ," ಅಂದ. "ನೆಲದ ಮೇಲೆ ಕೂತರೆ ನನ್ನನ್ನ ಎತ್ತೋದಕ್ಕೆ ಇನ್ನೊಂದು ದೋಣಿ ಬೇಕು," ಅಂದೆ. ಒಳಗಿನ ಕೋಣೆಗೆ ಇಳಿಯುತ್ತೀರಾ ಅಂದ. ಆ ಏಣಿ ನೋಡಿದರೆ ನಮ್ಮ ಹಳೇ ಬಾವಿಯೇ ವಾಸಿ. ಅವನು ಹರ್ಷಿತಾಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ, ಕಾಯಬೇಡ ಅಂತಲೇ ಇರಬೇಕು. ಅವಳು ತಲೆಯಾಡಿಸಿದಳು. ಮುಂದಿನ ತಿರುವು ಬಂತು. ಬಾಯಿ ಬಿಗಿಹಿಡಿದಳು, ಚಕ್ರವನ್ನು ಸ್ವಲ್ಪ ತಿರುಗಿಸಿದಳು. ತಿರುಗಿಸಿ ನಿಲ್ಲಿಸಿದಳು.

"ಅಜ್ಜಿ... ಕುಂತ್ಯಾ?"

ಒಂದು ವಿಚಾರ ಹೇಳಬೇಕು. ಕೇಳುವುದಕ್ಕೆ ಮುಂಚೆ ನಡುಗುತ್ತಿದ್ದ ಅವಳ ಕೈ, ನಾನು "ಕುಂತೆ" ಅಂದ ಮೇಲೆ ನಡುಗುತ್ತಿರಲಿಲ್ಲ. ಆಮೇಲೆ ಅವಳು ಚಕ್ರ ತಿರುಗಿಸಿದ್ದನ್ನು ನೀವು ನೋಡಬೇಕಿತ್ತು. ಹುರಿದ ಹಿಟ್ಟನ್ನು ಜರಡಿಯಲ್ಲಿ ಆಡಿಸಿದ ಹಾಗೆ, ಒಂದಿಷ್ಟೂ ಚೆಲ್ಲದೆ. ದೋಣಿ ಅವಳ ಮಾತು ಕೇಳುತ್ತಿತ್ತು. ತಡವಾಗಿ ಕೇಳುತ್ತಿತ್ತು, ಅಷ್ಟೇ.

ಹಾಗೆ ಕೊನೆಯವರಾಗಿ ಬಂದೆವು. ನಾವು ದಡ ಮುಟ್ಟುವ ಹೊತ್ತಿಗೆ ಮುಂದೆ ಬಂದವರು ಬಜ್ಜಿ ತಿಂದು ಮುಗಿಸಿದ್ದರು.

ಹರ್ಷಿತಾ ಹಾಯಿ ಮಡಿಸುತ್ತಿದ್ದಾಗ ಕ್ಯಾಪ್ಟನ್ ನನಗೆ ಟೀ ತಂದುಕೊಟ್ಟು ಪಕ್ಕದಲ್ಲಿ ಕೂತ.

"ಒಂದು ಮಾತು ಹೇಳ್ಲಾ ಅಮ್ಮಾ? ಬೇಜಾರು ಮಾಡ್ಕೊಬಾರದು."

"ಬೇಜಾರ್ ಮಾಡ್ಕೊಳೋ ವಯಸ್ಸು ದಾಟಿದೆ, ಹೇಳಪ್ಪ."

"ಅವಳ ಕೈ ಬಹಳ ಒಳ್ಳೆಯದುಂಟು. ಆದರೆ ತಿರುಗಿಸುವ ಹೊತ್ತಿಗೆ ಕೇಳ್ತಾ ನಿಲ್ತಾಳೆ. ಚಕ್ರ ಹಿಡಿದವರು ಹೇಳಬೇಕು, ಕೇಳಬಾರದು. ಮಳೆಗಾಲ ಮುಗಿದ ಕೂಡಲೆ ಇಂಥದ್ದೇ ಇನ್ನೊಂದು ಸಣ್ಣ ರೇಸು ಇದೆ. ಇನ್ನೊಂದು ಸಲ ನೋಡ್ತೇನೆ. ಅದರಲ್ಲೂ ಹೀಗಾದ್ರೆ ಕೊಚ್ಚಿಗೆ ಬೇರೆಯವರು. ನೀವೇ ಅವಳಿಗೆ ಹೇಳಿ, ಆ ಅಭ್ಯಾಸ ಬಿಡು ಅಂತ. ನಿಮ್ಮ ಮಾತು ಕೇಳ್ತಾಳೆ."

"ಆ ರೇಸಿಗೂ ಮನೆಯವರು ಬರಬಹುದಾ?"

"ಬರಬಹುದು," ಅಂದ. ನೀವಾಗಿರಬಾರದು ಅಷ್ಟೇ ಅನ್ನುವುದನ್ನು ಅವನ ಬಾಯಿ ಹೇಳಲಿಲ್ಲ, ಗಡ್ಡ ಹೇಳಿತು.

ಮಾರನೆಯ ದಿನ ಹಗಲು ರೈಲಿನಲ್ಲಿ ವಾಪಸು ಹೊರಟೆವು. ಘಟ್ಟ ಹತ್ತುವ ತನಕ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು, ಅಂಗೈ ಕೆರೆದುಕೊಳ್ಳುತ್ತಿದ್ದಳು. ನಾನು ಹೇಳಬೇಕಾದ ಮಾತನ್ನು ನಾಲಿಗೆ ತುದಿಯಲ್ಲಿಟ್ಟುಕೊಂಡು ಕೂತಿದ್ದೆ. ಹೇಳುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಬೀಗರ ಮನೆಯಲ್ಲಿ ಊಟಕ್ಕೆ ಕೂತು ಸಾರು ಹಳಸಿದೆ ಅಂದವಳು ನಾನು.

"ಎಲ್ಲರಿಗೂ ಗಾಳಿ ಬಿದ್ದೋಯ್ತು ಅಂತ ಮೆಸೇಜ್ ಹಾಕಿದ್ದೀನಿ," ಅಂದಳು ಅವಳೇ.

"ಯಾಕೆ? ನನ್ನ ಮಂಡಿಯಿಂದ ಅಂತ ಹಾಕ್ಬೇಕಿತ್ತು."

"ಸುಮ್ನಿರಜ್ಜಿ."

"ಮುಂದಿನ ಸಲ ನಿಮ್ಮಪ್ಪನ್ನ ಕರ್ಕೊಂಡೋಗು. ವಾಂತಿ ಮಾಡಿದ್ರೂ ಬೇಗ ಎದ್ದು ಕೂತು ಮಾಡ್ತಾನೆ."

ಅವಳು ನಗಲಿಲ್ಲ. "ನೀನೇ ಬರ್ಬೇಕು," ಅಂದಳು. "ತಿರುಗಿಸೋವಾಗ ನಂಗೆ ತುಂಬ ಭಯ ಆಗುತ್ತಜ್ಜಿ. ಅಷ್ಟ್ ದೊಡ್ಡ ಹಾಯಿ ತಲೆ ಮೇಲೆ ಬರುತ್ತೆ, ಎಲ್ಲಾರೂ ನನ್ನೇ ನೋಡ್ತಿರ್ತಾರೆ. ನೀನು ಕುಂತೆ ಅಂದ್ರೆ ಸರಿಹೋಗುತ್ತೆ. ಯಾಕೋ ಗೊತ್ತಿಲ್ಲ."

ಯಾಕೆ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. ಆ ಅಭ್ಯಾಸ ಬಿಡು ಅಂತಲೂ ಹೇಳಲಿಲ್ಲ. ರಸ್ತೆಯಲ್ಲಿ ಬಿದ್ದು ಮೊಣಕೈ ಒಡೆದುಕೊಂಡು ನಾನು ಸಂಪಾದಿಸಿದ ಮಾತು ಅದು. ನಮ್ಮ ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಬಂದ ಆಸ್ತಿ ಅಂತ ಇರುವುದೇ ಅದು, ಮಿಕ್ಕಿದ್ದೆಲ್ಲ ಸೈಟಾಗಿ ಹೋಯಿತು. ಅದನ್ನು ಬಿಡು ಅಂತ ಹೇಳುವುದಕ್ಕೆ ಅವನು ಯಾವ ಕ್ಯಾಪ್ಟನ್? ಆದರೆ ಚಕ್ರವೂ ಅವಳಿಗೆ ಬೇಕು. ಒಂದು ಸ್ಟೇಷನ್ ದಾಟಿತು, ಇನ್ನೊಂದು ದಾಟಿತು, ನಾನು ಯೋಚನೆ ಮಾಡಿಕೊಂಡೇ ಕೂತಿದ್ದೆ. ಕೇಳುವುದರಿಂದ ತಡವಾಗಿರಲಿಲ್ಲ. ಕೇಳುವುದಕ್ಕೆ ಎಷ್ಟು ಹೊತ್ತು ಬೇಕು? ಒಂದು ಉಸಿರು. ತಡವಾಗಿದ್ದೆಲ್ಲ ಉತ್ತರ ಹೇಳುವ ಕಡೆಯಿಂದ. ಯಶವಂತಪುರದಲ್ಲಿ ಅವಳು ನನ್ನನ್ನು ಇಳಿಸಿಕೊಳ್ಳುವಾಗ ನಮ್ಮ ಹಿಂದೆ ಇಡೀ ಬೋಗಿ ನಿಂತಿತ್ತು. ಅಲ್ಲೂ ಅವಳು ಅವಸರ ಮಾಡಲಿಲ್ಲ.

ಮನೆ ಸೇರಿ, ಗಾಳಿ ಬಿದ್ದ ಕತೆಯನ್ನು ಅವಳ ಬಾಯಲ್ಲಿ ಇನ್ನೊಂದು ಸಲ ಕೇಳಿ ಮಲಗಿದೆ.

ಬೆಳಿಗ್ಗೆ ಅವಳು ಇನ್ನೂ ಮಲಗಿದ್ದಾಗಲೇ ಕಾಫಿ ಕುಡಿದು, ಮಗನನ್ನು ಎಬ್ಬಿಸಿ, ಕಾರು ತೆಗಿ ಅಂದೆ. ದೇವಸ್ಥಾನಕ್ಕಾ ಅಂದ. ಮೂಳೆ ಡಾಕ್ಟರ ಹತ್ತಿರ ಅಂದೆ. ಅವನು ಚಪ್ಪಲಿಯನ್ನು ಅದಲು ಬದಲು ಹಾಕಿಕೊಂಡು ಬಂದ.

ಡಾಕ್ಟರು ಪ್ಲಾಸ್ಟಿಕ್ಕಿನ ಮಂಡಿಯೊಂದನ್ನು ಮೇಜಿನ ಮೇಲಿಟ್ಟು, ಯಾವುದನ್ನು ತೆಗೆದು ಏನನ್ನು ಕೂರಿಸುತ್ತೇನೆ ಅಂತ ಬಹಳ ತಾಳ್ಮೆಯಿಂದ ತೋರಿಸಿದರು. "ಮೆಟ್ಟಿಲು ಹತ್ತಬಹುದು ಅಜ್ಜಿ, ವಾಕಿಂಗ್ ಹೋಗಬಹುದು, ತೀರ್ಥಯಾತ್ರೆ ಮಾಡಬಹುದು," ಅಂದರು.

"ಅದೆಲ್ಲ ಬೇಡ ಕಣಪ್ಪ," ಅಂದೆ. "ಓರೆಯಾಗಿರೋ ನೆಲದ ಮೇಲೆ ಈ ಬೆಂಚಿಂದ ಎದ್ದು ಆ ಬೆಂಚಿಗೆ ಹೋಗಿ ಕೂರ್ಬೇಕು. ಬೇಗ. ಮಳೆಗಾಲ ಮುಗಿಯೋದ್ರೊಳಗೆ ಆಗುತ್ತಾ, ಅಷ್ಟು ಹೇಳು."

ಡಾಕ್ಟರು ನನ್ನ ಮಗನ ಮುಖ ನೋಡಿದರು. ಮಗ ಫ್ಯಾನು ನೋಡಿದ.

"ಒಂದು ಮಂಡಿ ಮೊದಲು ಮಾಡೋಣ," ಅಂದರು ಡಾಕ್ಟರು. "ಇನ್ನೊಂದನ್ನ ಆಮೇಲೆ ನೋಡೋಣ."

"ಎರಡೂ ಮಾಡು," ಅಂದೆ.